ಮೊದಲು ಇಂಜೆಕ್ಷನ್, ಆಮೇಲೆ ಅಂಗಾರ

ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಎಲ್ಲಿ ಅಗೆದರೂ ಫರ್ಸಿ ಕಲ್ಲು. ಮನೆ ಗೋಡೆಗೆ ಅದೇ, ಮಾಳಿಗೆಗೆ ಅದೇ, ಹೊಲದ ಬದುವಿಗೂ ಅದನ್ನೇ ಒಟ್ಟಿರುತ್ತಾರೆ. ಕಲ್ಲಿನ ಸಂದಿ ಇದ್ದ ಮೇಲೆ ಇಲಿ ಇರುತ್ತದೆ, ಇಲಿ ಇದ್ದ ಮೇಲೆ ಹಾವು ಬರುತ್ತದೆ. ಜೂನ್‌ನಲ್ಲಿ ಮಳೆ ಬಿದ್ದು ತೊಗರಿ ಬಿತ್ತನೆ ಶುರುವಾಯಿತು ಅಂದರೆ, ನನ್ನ ಬೀಜ-ಗೊಬ್ಬರದ ಅಂಗಡಿಗೆ ಬರುವವರ ಬಾಯಲ್ಲಿ "ಇಂಥವರಿಗೆ ಹುಳ ಮುಟ್ಟ್ಯಾದಂತ" ಅನ್ನೋ ಸುದ್ದಿಯೂ ಶುರು.

ಹುಳ ಮುಟ್ಟಿದವರನ್ನು, ಅಂದರೆ ಹಾವು ಕಡಿದವರನ್ನು, ನಮ್ಮೂರಲ್ಲಿ ಮೊದಲು ಒಯ್ಯುತ್ತಿದ್ದದ್ದು ಹನುಮಪ್ಪನ ಗುಡಿಗೆ. ಪೂಜಾರಿ ಕಾಕಾ ಅಂಗಾರ, ಅಂದರೆ ಗುಡಿಯ ಬೂದಿ ಹಚ್ಚಿ, ಬೇವಿನ ಎಲೆ ಬಾಯಿಗಿಡುತ್ತಿದ್ದರು. ಕಹಿ ಹತ್ತಿದರೆ ವಿಷ ಏರಿಲ್ಲ, ಸಪ್ಪಗೆ ಅನಿಸಿದರೆ ಏರಿದೆ ಅಂತ ಲೆಕ್ಕ. ಇನ್ನು ಕೆಲವರು ದರ್ಗಾಕ್ಕೆ ಹೋಗುತ್ತಿದ್ದರು. ಮುಸಲ್ಮಾನರಷ್ಟೇ ಅಲ್ಲ, ಲಿಂಗಾಯತರು, ಕಬ್ಬಲಿಗರು, ತಾಂಡಾದವರು ಎಲ್ಲರೂ. ಅಲ್ಲಿ ಮುಜಾವರ್ ಚಾಚಾ ಓದಿ ಊದಿದ ದಾರವನ್ನು ಕಡಿದ ಕೈಗೋ ಕಾಲಿಗೋ ಬಿಗಿಯಾಗಿ ಕಟ್ಟುತ್ತಿದ್ದರು.

ಇವರಿಬ್ಬರೂ, ನಮ್ಮ ಮಠದ ಅಪ್ಪಾರು, ಚರ್ಚಿನ ಪಾಸ್ಟರ್, ಬುದ್ಧ ವಿಹಾರದ ಹುಡುಗರು ಎಲ್ಲ ಸೇರಿ ಸರ್ಕಾರಿ ದವಾಖಾನೆಯ ಬಾಗಿಲು ರಾತ್ರಿಯೂ ತೆರೆದಿರಲಿ ಅಂತ ಓಡಾಡಿದ ಕಥೆ ಇದು. ನಾನು ಮಠದ ದಾಸೋಹ ಸಮಿತಿಯ ಲೆಕ್ಕ ಬರೆಯುವವನು. ಅರ್ಜಿ ಬರೆಯುವ ಕೆಲಸ ತಾನಾಗೇ ನನ್ನ ತಲೆಗೆ ಬಂತು. ಪೂರ್ತಿ ಗೆದ್ದ ಕಥೆ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

2023ರ ಮಳೆಗಾಲದಲ್ಲಿ ಒಬ್ಬ ಕೂಲಿ ಹೆಣ್ಣುಮಗಳು ತೀರಿಹೋದಳು. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಡಿದಿತ್ತು. ಗುಡಿಗೆ ತಂದರು, ಅಲ್ಲಿಂದ ಯಾರದೋ ಟಂಟಂನಲ್ಲಿ ಕಲಬುರಗಿಗೆ ಹೊರಟರು, ದಾರಿಯಲ್ಲೇ ಜೀವ ಹೋಯಿತು. ಪೋಸ್ಟ್‌ಮಾರ್ಟಂ ಮಾಡಿಸದೆ ಮಣ್ಣು ಮಾಡಿದರು. ಹಾಗಾಗಿ ಹಾವು ಕಡಿದು ಸತ್ತ ರೈತರು, ಕೃಷಿ ಕೂಲಿಯವರ ಮನೆಗೆ ಸಿಗುವ 2 ಲಕ್ಷದ ಪರಿಹಾರಕ್ಕೆ ಅರ್ಜಿಯನ್ನೂ ಹಾಕಲಾಗಲಿಲ್ಲ.

ಅವಳು ವಿಹಾರದ ಓಣಿಯವಳು. ಅಲ್ಲಿಯ ಹುಡುಗರಿಗೆ ಪೂಜಾರಿ ಕಾಕಾನ ಮೇಲೆ ವಿಪರೀತ ಸಿಟ್ಟು. ಮೂಢನಂಬಿಕೆ ಕೇಸು ಹಾಕುತ್ತೇವೆ ಅಂತ ಮಠದ ಅಂಗಳಕ್ಕೇ ಬಂದರು. ಅಪ್ಪಾರು ಕಾಕಾನನ್ನು ಕರೆಸಿದರು. ಕಾಕಾ ಬಂದು ನಿಂತು ಹೇಳಿದ ಮಾತು ನನಗೆ ಇಂದಿಗೂ ಹಾಗೇ ನೆನಪಿದೆ.

"ಹನ್ನೆರಡು ಹೊಡೆದ ಮ್ಯಾಲ ಬಂದಾರಪಾ. ಮೊದಲ ದವಾಖಾನಿಗೇ ಹೋಗಿದ್ರು. ಕೀಲಿ ಹಾಕಿತ್ತು. ಆಮ್ಯಾಲ ನನ್ನ ಬಾಗಿಲ ಬಡದ್ರು, ನಾ ತೆಗದೆ. ನಾನೂ ತೆಗೀದೇ ಇದ್ದಿದ್ರ ಏನ್ ಮಾಡ್ತಿದ್ರು?"

ಹುಡುಗರು ಸುಮ್ಮನಾದರು. ಯಾಕೆಂದರೆ ಅದು ನಿಜ. ಅವಳ ಗಂಡ ಮೊದಲು ಹೋಗಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ. ಗೋಡೆಯ ಮೇಲೆ ದೊಡ್ಡದಾಗಿ 24x7 ಅಂತ ಬರೆದಿದೆ, ಗೇಟಿಗೆ ಬೀಗ. ಜನ ದೇವರ ಹತ್ತಿರ ಹೋಗುವುದು ತಿಳಿವಳಿಕೆ ಇಲ್ಲದ್ದಕ್ಕೆ ಅಂತ ನಾವು ಓದಿದವರು ಸಲೀಸಾಗಿ ಹೇಳುತ್ತೇವೆ. ಅರ್ಧರಾತ್ರಿಯಲ್ಲಿ ಊರಲ್ಲಿ ಬಾಗಿಲು ತೆಗೆಯುವವರು ಯಾರಿದ್ದಾರೆ ಅಂತ ಮಾತ್ರ ನೋಡುವುದಿಲ್ಲ.

ಮುಂದಿನ ಭಾನುವಾರ ಮಠದಲ್ಲಿ ಒಂದು ಪಾಠ ಇಟ್ಟುಕೊಂಡೆವು. ನಮ್ಮೂರ ಹುಡುಗಿಯೊಬ್ಬಳು ಕಲಬುರಗಿಯಲ್ಲಿ ಡಾಕ್ಟರಿಕೆ ಮುಗಿಸಿ ಮುಂದಿನ ಓದಿನಲ್ಲಿದ್ದಳು. ಅವಳೇ ಬಂದಳು. ಗುಡಿ, ದರ್ಗಾ, ಚರ್ಚು, ವಿಹಾರ ಎಲ್ಲ ಕಡೆಯವರೂ ಒಂದೇ ಜಮಖಾನೆ ಮೇಲೆ ಕೂತರು. ಅದೂ ಸುಲಭಕ್ಕೆ ಆಗಲಿಲ್ಲ. ಬರುವುದಿಲ್ಲ ಅಂದ ಪಾಸ್ಟರ್‌ಗೆ ಅಪ್ಪಾರೇ ಫೋನ್ ಮಾಡಿದರು.

ಅವಳು ಪುಸ್ತಕದ ಮಾತು ಜಾಸ್ತಿ ಹೇಳಲಿಲ್ಲ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಇಂಜೆಕ್ಷನ್ ಅಂದಳು. ಯಾವ ಹಾವು ಅಂತ ಹುಡುಕಿ, ಹೊಡೆದು, ಚೀಲದಲ್ಲಿ ಹಾಕಿಕೊಂಡು ಬರಬೇಕಿಲ್ಲ. ನಮ್ಮಂಥ ಕಲ್ಲು ಮಡ್ಡಿಯ ಸೀಮೆಯಲ್ಲಿ ಗರಗಸ ಮಂಡಲ ಇರುತ್ತದೆ. ಗೇಣುದ್ದದ ಹಾವು, ಹುಡುಗರು ಮರಿ ಅಂತ ತಿಳಿದು ಕೋಲಿನಿಂದ ಮುಟ್ಟುತ್ತಾರೆ. ಅದರ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಕಟ್ಟಹಾವಿನದು ಬೇರೆ ತರಹ. ಮಲಗಿದವರನ್ನು ಕಡಿಯುತ್ತದೆ, ಗಾಯ ಕಾಣುವುದೇ ಇಲ್ಲ, ನೋವೂ ಇರುವುದಿಲ್ಲ. ಬೆಳಗಿನ ಹೊತ್ತಿಗೆ ರೆಪ್ಪೆ ಎತ್ತಲಾಗುವುದಿಲ್ಲ, ಆಮೇಲೆ ಉಸಿರು. ಸತ್ತ ಹೆಣ್ಣುಮಗಳಿಗೆ ಹೊಟ್ಟೆನೋವು ಅಂದಿದ್ದರು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು ಅಂದಿದ್ದರು. ಡಾಕ್ಟರ್ ಹುಡುಗಿ ಅದನ್ನು ಕೇಳಿ ಏನೂ ಹೇಳದೆ ಮುಂದಕ್ಕೆ ಹೋದಳು.

ಇಡೀ ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ ಅಂತ 2020ರಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಹಾಕಿದೆಯಂತೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಹೆಚ್ಚಿನವರು ಸತ್ತದ್ದು ಆಸ್ಪತ್ರೆಯ ಹೊರಗೆ. ಆ ಮಾತಿಗೆ ಅಪ್ಪಾರು ತಲೆ ಎತ್ತಿ, "ಹೊರಗ ಅಂದ್ರ ನಮ್ಮ ಕಟ್ಟಿ ಮ್ಯಾಲ" ಅಂದರು.

ಆಮೇಲೆ ಒಂದು ಗಾಜಿನ ನಳಿಕೆ ತೆಗೆದಳು. ಆಟೋ ಓಡಿಸುವ ಹುಡುಗನೊಬ್ಬ ಧೈರ್ಯ ಮಾಡಿ ಕೈ ಚಾಚಿದ. ಸ್ವಲ್ಪ ರಕ್ತ ತೆಗೆದು ನಳಿಕೆಗೆ ಹಾಕಿ ಪೂಜಾರಿ ಕಾಕಾನ ಮುಂದೆ ನಿಲ್ಲಿಸಿದಳು. "20 ನಿಮಿಷ ಯಾರೂ ಮುಟ್ಟಬ್ಯಾಡ್ರಿ." ಗಾಜಿನದೇ ಆಗಬೇಕು, ಪ್ಲಾಸ್ಟಿಕ್ ನಡೆಯಲ್ಲ, ಸೋಪಿನಲ್ಲಿ ತೊಳೆದದ್ದೂ ನಡೆಯಲ್ಲ ಅಂತ ಹೇಳಿದಳು. ಅಷ್ಟು ಹೊತ್ತೂ ಕಾಕಾ ಅದನ್ನೇ ನೋಡುತ್ತ ಕೂತಿದ್ದರು. ಹೊತ್ತು ಮುಗಿದ ಮೇಲೆ ಅವಳು ಕಾಕಾನ ಕೈಗೇ ಕೊಟ್ಟು "ವಾರೆ ಮಾಡ್ರಿ" ಅಂದಳು. ವಾರೆ ಮಾಡಿದರು. ರಕ್ತ ಹರಿಯಲಿಲ್ಲ, ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಮಂಡಲದ ವಿಷ ಏರಿದ್ದರೆ ನೀರಿನ ಹಾಗೆ ಹರಿಯುತ್ತಿತ್ತು ಅಂದಳು.

"ಇದನ್ನ ನಮ್ಮ ಗುಡಿಯಾಗೇ ಮಾಡಲಿಕ್ಕಿ ಬರ್ತದೇನಮ್ಮಾ?" ಅಂತ ಕಾಕಾ ಕೇಳಿದರು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಬ್ಯಾಡ ಕಾಕಾ. ಇದು ದವಾಖಾನಿಯಾಗಿನ ಕೆಲಸ. ನಾಗರ, ಕಟ್ಟಹಾವು ಕಡದ್ರ ಇದರಾಗ ಏನೂ ತಿಳಿಯಂಗಿಲ್ಲ. ನಿಮ್ಮ ಕಡೆ ಬಂದವರನ್ನ ನೀವು ಎಷ್ಟು ಲಗೂ ಕಳಸ್ತೀರಿ, ಅಷ್ಟು ಪುಣ್ಯ."

ಅಂದೇ ಮೂರು ಮಾತು ನಿಂತವು. ಗುಡಿಗೆ ಬಂದವರಿಗೆ ಕಾಕಾ ಅಂಗಾರ ಹಚ್ಚುತ್ತಾರೆ, ಆದರೆ ಗಾಡಿ ಹತ್ತಿದ ಮೇಲೆ. ಬೇವಿನ ಎಲೆ ಬಂದ್. ದರ್ಗಾದಲ್ಲಿ ಚಾಚಾ ದಾರ ಕಟ್ಟುತ್ತಾರೆ, ಆದರೆ ಕಡಿದ ಕೈಗೆ ಅಲ್ಲ, ಇನ್ನೊಂದು ಕೈಗೆ. ಇದನ್ನು ಹೇಳಿದ್ದು ಚಾಚಾ ಸ್ವತಃ. ಬಿಗಿಯಾಗಿ ಕಟ್ಟಿದರೆ ಕೈಯೇ ಕೊಳೆಯಬಹುದು ಅಂತ ಡಾಕ್ಟರ್ ಹುಡುಗಿ ಹೇಳಿದಾಗ ಅವರು ತುಂಬ ಹೊತ್ತು ಮಾತಾಡಿರಲಿಲ್ಲ. ಎದ್ದು ಹೋಗುವ ಮುಂಚೆ ಇಷ್ಟು ಹೇಳಿದರು: "ದುವಾ ಯಾವ ಕೈಗೆ ಕಟ್ಟಿದ್ರೂ ಮುಟ್ಟತದ."

ಆದರೆ ವಿಹಾರದ ಹುಡುಗರು ಹಿಡಿದ ಪಟ್ಟು ಬಿಡಲಿಲ್ಲ. ಗುಡಿ, ದರ್ಗಾ ತಮ್ಮ ಪಾಲಿನದು ಮಾಡಿದವು. ಗಾಡಿ ಹತ್ತಿಸಿ ಎಲ್ಲಿಗೆ ಕಳಿಸುವುದು? ಬೀಗಕ್ಕೆ ಕಳಿಸುವುದೇ? ಅಲ್ಲಿಂದ ನಿಜವಾದ ಓಡಾಟ ಶುರು.

ಒಂದು ಸಲಹೆ ಬಂತು: ಮಠದ ಹುಂಡಿ ದುಡ್ಡು, ದರ್ಗಾದ ಉರುಸಿನ ದುಡ್ಡು ಸೇರಿಸಿ ನಾವೇ ಒಂದು ಸಣ್ಣ ದವಾಖಾನೆ ಮಾಡೋಣ. ಕೇಳೋಕೆ ಚೆನ್ನಾಗಿತ್ತು. ನಮ್ಮ ಭಾಗದಲ್ಲಿ ಅದರ ರೂಢಿಯೂ ಇದೆ. ಬೀದರ್, ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನ್‌ನವರು ಹಿಂದೆಯೇ ಆಸ್ಪತ್ರೆ ಕಟ್ಟಿದ್ದರು. ಕಲಬುರಗಿಯಲ್ಲಿ ಬಸವೇಶ್ವರರ ಹೆಸರಿನ ಆಸ್ಪತ್ರೆ ಇದೆ, ಖಾಜಾ ಬಂದಾನವಾಜರ ಹೆಸರಿನ ಮೆಡಿಕಲ್ ಕಾಲೇಜಿದೆ. ಆದರೆ ಪಾಸ್ಟರ್ ಒಪ್ಪಲಿಲ್ಲ. ಅವರ ಅಜ್ಜ ಮಿಷನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರಂತೆ. "ಆಗ ಸರ್ಕಾರದ ದವಾಖಾನಿ ಇರಲಿಲ್ಲ, ಕಟ್ಟಿದ್ರು. ಈಗ ಕಟ್ಟಡ ಅದ, ಮಂಜೂರಾದ ಹುದ್ದೆ ಅದಾವ, ಔಷಧದ ದುಡ್ಡು ಅದ. ಇರೋದನ್ನ ಕೇಳೂಣು." ನನಗೂ ಅದೇ ಸರಿ ಅನಿಸಿತು. ಹುಂಡಿ ದುಡ್ಡಿನಲ್ಲಿ ಡಾಕ್ಟರ್ ಸಂಬಳ ಎಷ್ಟು ತಿಂಗಳು ಕೊಟ್ಟೇವು? ಲೆಕ್ಕ ಬರೆಯುವವನಿಗೆ ಇದು ಬೇಗ ತಿಳಿಯುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯಿಂದ ಶುರು ಮಾಡಿದೆವು. 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಂತೆ 150 ಪದಗಳ ಒಳಗೆ ಒಂದೇ ವಿಷಯ. ವಿಹಾರದ ಹುಡುಗರಲ್ಲಿ ಒಬ್ಬ ಇದರಲ್ಲಿ ಪಳಗಿದವನು. 'ನಮ್ಮ ಕೇಂದ್ರದಲ್ಲಿ ಹಾವು ಕಡಿತದ ಔಷಧ ಇದೆಯೇ' ಅಂತ ಕೇಳಿದ್ದೆವು. 30 ದಿನದ ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು: 'ಲಭ್ಯವಿದೆ.' ಒಂದೇ ಪದ. ಮಠದಲ್ಲಿ ಕೆಲವರು ಖುಷಿಪಟ್ಟರು, ಇದೆಯಂತಲ್ಲ ಅಂದರು. ಡಾಕ್ಟರ್ ಹುಡುಗಿಗೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಎಷ್ಟು ವಯಲ್ ಅದಾವ ಅಣ್ಣಾ?"

ಅದು ನಮಗೆ ಹೊಳೆದೇ ಇರಲಿಲ್ಲ. ವಯಲ್ ಅಂದರೆ ಔಷಧದ ಸಣ್ಣ ಸೀಸೆ. ವಿಷ ಏರಿದವರಿಗೆ ಮೊದಲ ಸುತ್ತಿಗೇ 8ರಿಂದ 10 ವಯಲ್ ಬೇಕು. ಮಗುವಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ರಕ್ತ ಹೆಪ್ಪುಗಟ್ಟದೇ ಇದ್ದರೆ 6 ತಾಸು ಬಿಟ್ಟು ಮತ್ತೆ ಕೊಡಬೇಕಾಗುತ್ತದೆ. ಇನ್ನೊಂದು ಅರ್ಜಿ ಹಾಕಿದೆವು. ಈ ಸಲ ದಾಸ್ತಾನು ರಿಜಿಸ್ಟರ್‌ನ ಪ್ರತಿ ಕೇಳಿದೆವು: ಎಷ್ಟು ವಯಲ್, ಅವಧಿ ಮುಗಿಯುವ ತಾರೀಕು ಯಾವುದು, ಹಿಂದಿನ ವರ್ಷ ಎಷ್ಟು ಖರ್ಚಾಗಿದೆ. ಜೆರಾಕ್ಸ್ ಬಂತು. ಇದ್ದ ವಯಲ್‌ಗಳು ಒಬ್ಬರ ಮೊದಲ ಸುತ್ತಿಗೂ ಸಾಲುತ್ತಿರಲಿಲ್ಲ. ಖರ್ಚಿನ ಕಾಲಂ ಪೂರ್ತಿ ಖಾಲಿ. ವರ್ಷಪೂರ್ತಿ ಒಬ್ಬರಿಗೂ ಕೊಟ್ಟಿಲ್ಲ.

ಯಾಕೆ ಕೊಟ್ಟಿಲ್ಲ ಅನ್ನೋದು ಊರಿನ ಆಶಾ ಕಾರ್ಯಕರ್ತೆ ಅಕ್ಕನಿಂದ ಗೊತ್ತಾಯಿತು. "ನನ್ನ ಹೆಸರ ಮಾತ್ರ ಎಲ್ಲೂ ಬರೀಬ್ಯಾಡ್ರಿ" ಅಂತ ಮಾತು ತೆಗೆದುಕೊಂಡೇ ಹೇಳಿದಳು. ಇಂಜೆಕ್ಷನ್ ಕೊಟ್ಟಾಗ ಕೆಲವರಿಗೆ ಮೈ ತುಂಬ ದದ್ದು ಏಳುತ್ತದೆ, ಬಿಪಿ ಬಿದ್ದು ಉಸಿರು ಕಟ್ಟುತ್ತದೆ. ಆಗ ತಕ್ಷಣ ಅಡ್ರಿನಲಿನ್ ಕೊಟ್ಟು ಹಿಡಿಯಬೇಕು. ಒಬ್ಬರೇ ಇರುವ ಡಾಕ್ಟರ್‌ಗೆ ಅದರ ಹೆದರಿಕೆ. ಏನಾದರೂ ಹೆಚ್ಚುಕಡಿಮೆ ಆದರೆ ಜನ ಬಂದು ಹೊಡೆಯುತ್ತಾರೆ ಅಂತ. ಅದಕ್ಕೆ ಹಗಲಲ್ಲಿ ಬಂದವರಿಗೂ ಒಂದು ಹನಿ ಹಾಕದೆ 'ಜಿಲ್ಲಾಸ್ಪತ್ರೆಗೆ' ಅಂತ ಚೀಟಿ ಬರೆದು ಕಳಿಸುವುದು. ಆ ಡಾಕ್ಟರ್, ಓದು ಮುಗಿದ ಮೇಲಿನ ಕಡ್ಡಾಯ ಸರ್ಕಾರಿ ಸೇವೆಯ ಬಾಂಡ್ ಮೇಲೆ ಬಂದ ಹುಡುಗ. ಪಕ್ಕದ ಇನ್ನೊಂದು ಕೇಂದ್ರದ ಚಾರ್ಜೂ ಅವನ ಮೇಲೆಯೇ. ಇರೋಕೆ ಕೊಟ್ಟ ಕ್ವಾರ್ಟರ್ಸ್ ಸೋರುತ್ತದೆ. ಅವನ ಮೇಲೆ ಸಿಟ್ಟು ಮಾಡಿಕೊಂಡು ಹೋದವರೆಲ್ಲ ಮರುಕ ಪಟ್ಟುಕೊಂಡು ವಾಪಸ್ ಬಂದೆವು.

ಅಷ್ಟರಲ್ಲಿ ನಮಗೆ ಒಂದು ಹಿಡಿ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿ ಕಡಿತ, ಪ್ರತಿ ಸಾವು ಲೆಕ್ಕಕ್ಕೆ ಬರಬೇಕು. ಮರು ತಿಂಗಳೇ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ಹೊರಡಿಸಿತು. ಪೇಪರ್‌ನಲ್ಲಿ ಓದಿದಾಗ ನನಗೆ ಅನಿಸಿದ್ದು: ನಮ್ಮ ಆರೋಗ್ಯ ಕೇಂದ್ರದ ಲೆಕ್ಕದಲ್ಲಿ ನಮ್ಮೂರಲ್ಲಿ ಹಾವೇ ಇಲ್ಲ! ಗುಡಿಗೆ ಬಂದವರು, ದಾರಿಯಲ್ಲಿ ಸತ್ತವರು, ನೇರ ಖಾಸಗಿಗೆ ಹೋಗಿ ಬಂಗಾರ ಅಡವಿಟ್ಟು ಉಳಿದು ಬಂದವರು, ಯಾರೂ ಅಲ್ಲಿಲ್ಲ. ಲೆಕ್ಕದಲ್ಲಿ ಇಲ್ಲ ಅಂದ ಮೇಲೆ ಔಷಧ ಯಾಕೆ ಕಳಿಸುತ್ತಾರೆ?

ಒಂದು ಉದ್ದನೆ ನೋಟ್‌ಬುಕ್ ತಂದು ಗೆರೆ ಹೊಡೆದು ಪೂಜಾರಿ ಕಾಕಾಗೆ ಕೊಟ್ಟೆ. ತಾರೀಕು, ಎಷ್ಟು ಗಂಟೆಗೆ ಕಡಿದಿದ್ದು, ಎಷ್ಟು ಗಂಟೆಗೆ ಗುಡಿಗೆ ಬಂದದ್ದು, ಎಲ್ಲಿಗೆ ಕಳಿಸಿದ್ದು, ಏನಾಯಿತು. ಕಾಕಾನಿಗೆ ಓದು ಬರಹ ಅಷ್ಟಕ್ಕಷ್ಟೇ, ಮೊಮ್ಮಗಳ ಕೈಲಿ ಬರೆಸಿದರು. ದರ್ಗಾದಲ್ಲೂ ಅಂಥದ್ದೇ ಒಂದು, ಚಾಚಾ ಉರ್ದುವಿನಲ್ಲಿ ಬರೆದುಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನ್ನೂ ಎದುರಿಗಿಟ್ಟುಕೊಂಡು ಕೂತೆ. ಹೆಚ್ಚುಕಡಿಮೆ ಎಲ್ಲ ಹೆಸರಿನ ಮುಂದೆಯೂ ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತು, ಇಲ್ಲವೇ ಬೆಳಗಿನ ಜಾವ. ದವಾಖಾನೆ ತೆರೆದಿರುವ ಹೊತ್ತಿನದು ಬೆರಳೆಣಿಕೆ. ನಮ್ಮ ಬೇಡಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮನವಿ ಬರೆಯುವಾಗ ತಮಾಷೆ ಆಯಿತು. ಯಾರ ಲೆಟರ್‌ಹೆಡ್? ಮಠದ್ದು ಅಂದರೆ ವಿಹಾರದವರು ಸಹಿ ಹಾಕಲ್ಲ. ವಿಹಾರದ್ದು ಅಂದರೆ ಮಠದ ಕಮಿಟಿಯ ಹಿರಿಯರಿಗೆ ಆಗಿಬರಲ್ಲ. ಚರ್ಚಿನದಕ್ಕೆ ಕಲಬುರಗಿಯ ದೊಡ್ಡವರ ಪರವಾನಗಿ ಬೇಕು. ದರ್ಗಾಕ್ಕೆ ಲೆಟರ್‌ಹೆಡ್ಡೇ ಇಲ್ಲ, ಇರುವುದು ಒಂದು ರಬ್ಬರ್ ಸ್ಟಾಂಪ್. ಒಂದಿಡೀ ಸಂಜೆ ಇದರಲ್ಲೇ ಹೋಯಿತು. ಕೊನೆಗೆ ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ಎಲ್ಲರ ಮುದ್ರೆ ಒಂದೇ ಸಾಲಲ್ಲಿ ಹೊಡೆದೆವು. ಯಾರದು ಮೊದಲು ಅನ್ನೋ ಮಾತು ಮತ್ತೆ ಏಳುತ್ತಿತ್ತು. ಅಪ್ಪಾರು, "ಅಕ್ಷರದ ಸಾಲಿನಂಗ ಹಾಕ್ರಿ" ಅಂದರು. ಹಾಗೆ ಹಾಕಿದರೆ ಮೊದಲು ಬಂದದ್ದು ಚರ್ಚು, ಆಮೇಲೆ ದರ್ಗಾ. ಮಠ, ವಿಹಾರ ಕೊನೆಗೆ ಹೋದವು. ಹನುಮಪ್ಪನ ಗುಡಿಗೆ ಮುದ್ರೆಯೇ ಇಲ್ಲ, ಕಾಕಾ ಹೆಬ್ಬೆಟ್ಟು ಒತ್ತಿದರು.

ಅಪ್ಪಾರಿಗೆ ಒಳಗೊಳಗೇ ಒಂದು ಅಳುಕಿತ್ತು. ಮಠದ ಸಮುದಾಯ ಭವನಕ್ಕೆ ಸರ್ಕಾರದ ಅನುದಾನ ಬಂದಿತ್ತು, ಇನ್ನೊಂದು ಕಂತು ಬಾಕಿ ಇತ್ತು. ಅಧಿಕಾರಿಗಳ ಮನಸ್ಸು ಕೆಡಿಸಿಕೊಂಡರೆ ಹೇಗೆ ಅಂತ ಕಮಿಟಿಯ ಕೆಲವರು ಕಿವಿ ಊದಿದರು. ಸ್ವಾಮಿಗಳಿಗೆ ಯಾಕೆ ರಾಜಕೀಯ ಅಂತಲೂ ಊರಲ್ಲಿ ಮಾತು ಬಂತು. ನನಗೆ ಈ ಮಾತು ವಿಚಿತ್ರ ಅನಿಸುತ್ತದೆ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಬಂದು ಕಾಲಿಗೆ ಬೀಳುವಾಗ ಅದು ರಾಜಕೀಯ ಅಲ್ಲ, ಊರಿಗೆ ಡಾಕ್ಟರ್ ಬೇಕು ಅಂದರೆ ರಾಜಕೀಯ. ಅಪ್ಪಾರು ಒಂದಷ್ಟು ದಿನ ಸುಮ್ನೆ ಇದ್ದರು. ನಡುವೆ ಮತ್ತೊಂದು ಮಗುವಿಗೆ ಕಡಿಯಿತು, ಉಳಿಯಿತು. ಆ ಮಗುವಿನ ಅಜ್ಜಿ ಮಠಕ್ಕೆ ಕಾಯಿ ತಂದಾಗ ಅಪ್ಪಾರು ನನ್ನನ್ನು ಕರೆದು, "ಗಾಡಿ ಯಾವಾಗ ತರ್ತಿ?" ಅಂತಷ್ಟೇ ಕೇಳಿದರು.

ತಾಲೂಕಿನಲ್ಲಿ ಕೊಟ್ಟೆವು, ಸ್ವೀಕೃತಿ ಮುದ್ರೆ ಬಿತ್ತು, ಅಲ್ಲಿಗೆ ನಿಂತಿತು. ಗ್ರಾಮಸಭೆಯಲ್ಲಿ ಠರಾವು ಬರೆಸಿದೆವು. ಆಮೇಲೆ ಜಿಲ್ಲೆಯ ಕಚೇರಿಯೊಂದಕ್ಕೆ ಎಲ್ಲರೂ ಹೋದೆವು. ಸಾಹೇಬರು ಎದ್ದು ಬಂದು ಅಪ್ಪಾರ ಕಾಲು ಮುಟ್ಟಿ, ಒಳಗೆ ಕರೆದು ತಮ್ಮ ಎದುರಿನ ಕುರ್ಚಿ ಕೊಟ್ಟರು. "ಅಪ್ಪಾರ, ನೀವ್ಯಾಕ ಬರಲಿಕ್ಕಿ ಹೋದ್ರಿ, ಒಂದು ಫೋನ್ ಮಾಡಿದ್ರ ಆಗ್ತಿತ್ತಲ್ರೀ." ಉಳಿದವರೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ಅಪ್ಪಾರು ಕೂರಲಿಲ್ಲ. "ಎಲ್ಲರಿಗೂ ಕುರ್ಚಿ ತರಸ್ರಿ. ಮಾತು ಉದ್ದ ಅದ" ಅಂದರು. ಅಟೆಂಡರ್ ಪಕ್ಕದ ಕೋಣೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತರುವವರೆಗೂ ಸಾಹೇಬರೂ ನಿಂತೇ ಇದ್ದರು.

ಹುದ್ದೆ ತುಂಬುವುದು ನಮ್ಮ ಕೈಯಲ್ಲಿಲ್ಲ, ಕೌನ್ಸೆಲಿಂಗ್‌ನಲ್ಲಿ ಈ ಕಡೆ ಯಾರೂ ಆರಿಸಿಕೊಳ್ಳಲ್ಲ ಅಂತ ಅವರು ಶುರು ಮಾಡಿದರು. ವಿಹಾರದ ಹುಡುಗ 371ಜೆ ತೆಗೆದ. ಈ ಭಾಗ ಹಿಂದುಳಿದಿದೆ ಅಂತಲೇ 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಯಿತು, ಅದರಲ್ಲಿ ನೌಕರಿಯೂ ಇದೆ, ಅಭಿವೃದ್ಧಿ ಮಂಡಳಿಯೂ ಇದೆ, ಆದರೂ ನಮ್ಮೂರ ಗೇಟಿಗೆ ಬೀಗ ಯಾಕೆ ಅಂತ ಕೇಳಿದ. ಮಾತು ಬಿಸಿಯಾಯಿತು. ಆಗ ಪೂಜಾರಿ ಕಾಕಾ ತಮ್ಮ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಸಾಹೇಬರು ಸುಮ್ಮನೆ ಪುಟ ತಿರುವಿದರು. ಎರಡನೇ ಪುಟಕ್ಕೆ ಕನ್ನಡಕ ಹಾಕಿಕೊಂಡರು. "ಇದನ್ನ ಯಾರು ಬರದಾರ?" ಅಂದರು. "ನನ್ನ ಮೊಮ್ಮಗಳ್ರಿ, ಏಳನೇತ್ತಾ" ಅಂದರು ಕಾಕಾ. ಅದರ ಜೆರಾಕ್ಸ್ ತೆಗೆಸಿ ಇಟ್ಟುಕೊಂಡರು. ಅರ್ಜಿಗಳನ್ನು ಅವರು ದಿನಾ ನೋಡುತ್ತಾರೆ. ಗುಡಿಯ ಪೂಜಾರಿ ತಂದ ರೋಗಿಗಳ ರಿಜಿಸ್ಟರ್ ಬಹುಶಃ ಮೊದಲ ಸಲ ನೋಡಿದ್ದು.

ನಾವು ಕೇಳಿದ್ದು ಜಾಸ್ತಿ ಏನಲ್ಲ. ಮಳೆಗಾಲದಲ್ಲಾದರೂ ಕೇಂದ್ರದಲ್ಲಿ 20 ವಯಲ್ ಇರಲಿ. ಅಡ್ರಿನಲಿನ್, ಆಕ್ಸಿಜನ್ ಇರಲಿ. ಡಾಕ್ಟರ್‌ಗೂ ನರ್ಸ್‌ಗೂ ತರಬೇತಿ ಕೊಡಿ, ಮೊದಲ ಸುತ್ತು ಇಲ್ಲೇ ಹಾಕಿ ಆಮೇಲೆ ಕಳಿಸಲಿ. ರಾತ್ರಿ ಬೀಗ ಬೇಡ. ಕ್ವಾರ್ಟರ್ಸ್ ದುರಸ್ತಿ ಮಾಡಿ. ಇದರ ಜೊತೆಗೆ ನಮ್ಮ ಕಡೆಯಿಂದ ಒಂದು ಮಾತು ಬರೆದುಕೊಟ್ಟೆವು: ಔಷಧ ಕೊಟ್ಟು ಏನಾದರೂ ಆದರೆ ಡಾಕ್ಟರ್ ಮೇಲೆ ಯಾರೂ ಕೈ ಎತ್ತದ ಹಾಗೆ ನೋಡಿಕೊಳ್ಳುವ ಹೊಣೆ ಮಠ, ದರ್ಗಾ, ಚರ್ಚು, ವಿಹಾರದ್ದು. ಆ ಮಾತು ಸೇರಿಸಿದ್ದು ಪಾಸ್ಟರ್. ಇಡೀ ಮನವಿಯಲ್ಲಿ ಅದೇ ಕೆಲಸ ಮಾಡಿತು ಅಂತ ನನ್ನ ಅಂದಾಜು. ಬಾಂಡ್ ಹುಡುಗನಿಗೆ ಈ ವಿಷಯ ಮುಟ್ಟಿ, ಅವನೇ ಮಠಕ್ಕೆ ಬಂದು ಪ್ರಸಾದ ಉಂಡು ಹೋದ.

ಔಷಧ ಬಂತು. ಒಂದೇ ಕಂತಿನಲ್ಲಿ ಅಲ್ಲ, ಎರಡು ಸಲ ನೆನಪು ಮಾಡಿದ ಮೇಲೆ. ತರಬೇತಿ ಆಯಿತು. ರಾತ್ರಿ ಒಬ್ಬ ನರ್ಸ್ ಇರುತ್ತಾರೆ, ಗೇಟು ತೆರೆದಿರುತ್ತದೆ. ಡಾಕ್ಟರ್ ಊರಲ್ಲಿ ಇದ್ದರೆ ಬರುತ್ತಾರೆ, ಇಲ್ಲದಿದ್ದರೆ ಫೋನ್‌ನಲ್ಲಿ ಹೇಳುತ್ತಾರೆ. ಕಳೆದ ಮಳೆಗಾಲದಲ್ಲಿ ಫರ್ಸಿ ಗಣಿಯ ಒಬ್ಬ ಕೂಲಿಗೆ ಮಂಡಲ ಕಡಿದು, ಗುಡಿಯಿಂದ ಆಟೋ, ಆಟೋದಿಂದ ದವಾಖಾನೆ, ಗಾಜಿನ ನಳಿಕೆಯಲ್ಲಿ ರಕ್ತ ನೀರಿನ ಹಾಗೆ ಹರಿಯಿತು. ಮೊದಲ ಸುತ್ತು ಅಲ್ಲೇ ಹಾಕಿ 108ರಲ್ಲಿ ಕಳಿಸಿದರು. ದುಡ್ಡು ಬಿಚ್ಚಬೇಕಾಗಲಿಲ್ಲ. ಅವನು ಈಗ ಮತ್ತೆ ಕಲ್ಲು ಒಡೆಯುತ್ತಿದ್ದಾನೆ. ಕಾಲಿಗೆ ಬೂಟು ಹಾಕಿಕೋ ಅಂದರೆ ಮಾತ್ರ ಕೇಳುವುದಿಲ್ಲ.

ಆಗದೇ ಇರುವುದೂ ಇದೆ. ಕ್ವಾರ್ಟರ್ಸ್ ಇನ್ನೂ ಸೋರುತ್ತದೆ. ಬಾಂಡ್ ಮುಗಿದು ಆ ಡಾಕ್ಟರ್ ಹುಡುಗ ಹೋದ, ಮುಂದೆ ಬಂದವರು ಗುತ್ತಿಗೆ ಮೇಲೆ. ಅವರು ಎಷ್ಟು ದಿನವೋ. 108 ಬರುವುದು ದೂರದಿಂದ, ಮಳೆಯಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. ನಮ್ಮವರು ಇನ್ನು ಬೆಂಗಳೂರಿಗೋ ಸೊಲ್ಲಾಪುರಕ್ಕೋ ಓಡಬೇಕಿಲ್ಲ, ನಿಜಕ್ಕೂ ದೊಡ್ಡ ಕೆಲಸ. ಅಂದು ಟಿವಿ ನೋಡುತ್ತಿದ್ದ ಚಾಚಾ, "ಎಲ್ಲಾ ಛಲೋ ಅದ, ನಮ್ಮ ಹಳ್ಳಕ್ಕ ಒಂದು ಸೇತುವಿ ಹಾಕಿದ್ರ ಅಲ್ಲೀತನಕ ಜೀವ ಹಿಡಕೊಂಡು ಹೋಗಬಹುದಿತ್ತು" ಅಂದರು. ಈಗಿನ ಅರ್ಜಿ ಅದರದ್ದೇ.

ಊರಲ್ಲಿ ಎಲ್ಲರೂ ಬದಲಾದರು ಅಂತಲೂ ಹೇಳಲಾರೆ. ನಮ್ಮ ಕಾಕಾ ಬೇವಿನ ಎಲೆ ಬಿಟ್ಟರು ಅಂತ ಕೆಲವರು ಮೂರು ಹರದಾರಿ ಆಚೆಯ ಇನ್ನೊಬ್ಬ ಮಂತ್ರಗಾರನ ಹತ್ತಿರ ಹೋಗಲು ಶುರು ಮಾಡಿದ್ದಾರೆ. ಕಾಕಾ ಸ್ವತಃ ಅವನ ಹತ್ತಿರ ಹೋಗಿ ಬಂದರು. ಅವನು ಒಪ್ಪಿಲ್ಲ. ಕಾಕಾ ನಾಗರ ಪಂಚಮಿಗೆ ಮತ್ತೆ ಹೋಗುತ್ತಾರಂತೆ, ಉಂಡಿ ಕಟ್ಟಿಕೊಂಡು.

ನಿಮ್ಮೂರಲ್ಲೂ ಇಂಥದ್ದು ಮಾಡುವವರಿದ್ದರೆ ಒಂದೆರಡು ಮಾತು. ಔಷಧ 'ಇದೆಯೇ' ಅಂತ ಕೇಳಬೇಡಿ, ಎಷ್ಟು ವಯಲ್, ಯಾವ ತಾರೀಕಿನವರೆಗೆ ಅಂತ ಕೇಳಿ. ದಾಸ್ತಾನು ರಿಜಿಸ್ಟರ್‌ನ ಪ್ರತಿಯನ್ನೇ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಆ 10 ರೂಪಾಯಿಯೂ ಬೇಡ, ಕಾರ್ಡಿನ ಜೆರಾಕ್ಸ್ ಹಚ್ಚಿದರೆ ಸಾಕು. ಡಾಕ್ಟರ್, ನರ್ಸ್, ಆಶಾ ಇವರ ಹೆಸರು ಎಲ್ಲೂ ತರಬೇಡಿ, ಅವರು ಅಲ್ಲೇ ಕೆಲಸ ಮಾಡಿ ಬದುಕಬೇಕು. ಯಾರಾದರೂ ತೀರಿಕೊಂಡರೆ ಎಷ್ಟೇ ಕಷ್ಟ ಅನಿಸಿದರೂ ಪೋಸ್ಟ್‌ಮಾರ್ಟಂ ಮಾಡಿಸಿ. ಗುಡಿ, ದರ್ಗಾದಲ್ಲಿ ಒಂದು ನೋಟ್‌ಬುಕ್ ಇಡಿ, ಗಂಟೆ ಬರೆಯುವುದನ್ನು ಮರೆಯಬೇಡಿ. ಮನವಿ ಕೊಟ್ಟಾಗ ಇನ್ನೊಂದು ಪ್ರತಿಗೆ ತಾರೀಕು ಸಮೇತ ಮುದ್ರೆ ಹಾಕಿಸಿಕೊಳ್ಳಿ. ಆವಕ ಗುಮಾಸ್ತ ಊಟಕ್ಕೆ ಹೋಗಿದ್ದರೆ ಬರುವವರೆಗೂ ಕೂತುಕೊಳ್ಳಿ.